ಬಾಣಲೆಯಲ್ಲಿ ನೀರು ನಿಂತರೆ ಚೌಮೀನ್ ಕೆಟ್ಟ ಹಾಗೆ

ಈ ಸಲ ಅಡುಗೆ ಪುಟಕ್ಕೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಚೌಮೀನ್ ಬಗ್ಗೆಯೇ. ಕೋಳಿಯೋ ಹಂದಿಯೋ ಹಾಕಿ, ತರಕಾರಿ ಸೇರಿಸಿ, ಜೋರು ಉರಿಯಲ್ಲಿ ಹುರಿದು ತೆಗೆಯುವ ಚೀನೀ ನೂಡಲ್ಸ್. ಒಂದೇ ಪ್ರಶ್ನೆಯನ್ನು ಹಲವರು ಬೇರೆ ಬೇರೆ ಥರ ಕೇಳಿದ್ದೀರಿ, ಅಂಥವನ್ನು ಒಟ್ಟು ಮಾಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ದೂರುಗಳಲ್ಲಿ ಮುಕ್ಕಾಲು ಪಾಲು ಸಾಸ್‌ಗೆ ಸಂಬಂಧಪಟ್ಟದ್ದಲ್ಲ, ನೀರಿಗೆ ಸಂಬಂಧಪಟ್ಟದ್ದು.

ಪ್ರಶ್ನೆ: ಅಕ್ಕಾ, ಎಷ್ಟು ಜಾಗ್ರತೆಯಿಂದ ಮಾಡಿದರೂ ನೂಡಲ್ಸ್ ಬಾಣಲೆಗೆ ಬಿದ್ದ ಕೂಡಲೇ ಅಂಟಿಕೊಂಡು ಮುದ್ದೆಯಾಗುತ್ತದೆ. ಸಾಸ್ ಜಾಸ್ತಿ ಹಾಕಿ ಬಿಡಿಸಲು ನೋಡಿದರೆ ಇನ್ನೂ ಹದಗೆಡುತ್ತದೆ. ಏನು ಮಾಡಲಿ? – ಹಾಸನದ ಓದುಗರು

ಸಾಸ್ ಹಾಕಿ ಬಿಡಿಸುವುದನ್ನು ಮೊದಲು ನಿಲ್ಲಿಸಿ. ಒದ್ದೆಯಾಗಿರುವುದಕ್ಕೇ ಅಂಟಿಕೊಂಡಿದೆ, ಅದಕ್ಕೆ ಮತ್ತೆ ನೀರು ಹಾಕಿದರೆ ಹೇಗೆ ಬಿಡುತ್ತದೆ?

ನೂಡಲ್ಸ್ ಬೇಯುವಾಗ ಅದರ ಮೈಮೇಲಿನ ಪಿಷ್ಟ ಅಂಟಾಗುತ್ತದೆ. ಅದನ್ನು ತೊಳೆಯದೆ ಬಿಸಿಬಿಸಿಯಾಗಿ ರಾಶಿ ಹಾಕಿಟ್ಟರೆ ಒಳಗಿನ ಹಬೆಗೆ ಇನ್ನಷ್ಟು ಬೆಂದು ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಆದ್ದರಿಂದ ದೊಡ್ಡ ಪಾತ್ರೆಯಲ್ಲಿ ಧಾರಾಳ ನೀರು ಕುದಿಸಿ, ಉಪ್ಪು ಹಾಕಿ, ಪೊಟ್ಟಣದ ಮೇಲೆ ನಾಲ್ಕು ನಿಮಿಷ ಅಂತಿದ್ದರೆ ಮೂರು ನಿಮಿಷಕ್ಕೇ ತೆಗೆಯಿರಿ. ಹಲ್ಲಿಗೆ ಸ್ವಲ್ಪ ಗಟ್ಟಿ ಅನ್ನಿಸಬೇಕು, ಉಳಿದದ್ದು ಬಾಣಲೆಯಲ್ಲಿ ಬೇಯುತ್ತದೆ. ಜರಡಿಗೆ ಸುರಿದು ತಣ್ಣೀರಿನಲ್ಲಿ ಚೆನ್ನಾಗಿ ತೊಳೆಯಿರಿ. ನೀರು ಪೂರ್ತಿ ಬಸಿದ ಮೇಲೆ ಒಂದು ಚಮಚ ಎಣ್ಣೆ ಸವರಿ ದೊಡ್ಡ ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ಯಾನ್ ಕೆಳಗೆ ಇಡಿ. ಇಪ್ಪತ್ತು ನಿಮಿಷವಾದರೂ ಬೇಕು, ಅರ್ಧ ಗಂಟೆಯಾದರೆ ಇನ್ನೂ ಒಳ್ಳೆಯದು. ಕೈಯಲ್ಲಿ ಎತ್ತಿದರೆ ಎಳೆಗಳು ಒಂದೊಂದಾಗಿ ಜಾರಬೇಕು. ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದೇ. ತರಕಾರಿ ಹೆಚ್ಚುವ ಮೊದಲು ನೂಡಲ್ಸ್ ಬೇಯಿಸಿಟ್ಟರೆ ಆ ಅರ್ಧ ಗಂಟೆ ತಾನಾಗಿ ಕಳೆಯುತ್ತದೆ.

ಇನ್ನೊಂದು ವಿಷಯ, ಯಾವ ನೂಡಲ್ಸ್ ತರುತ್ತೀರಿ ಎಂಬುದು. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ (ಹಳೆಯ ಹೆಸರು ಕ್ಯಾಂಟನ್) ಪ್ರಾಂತ್ಯದ ಕಡೆ ಚೌಮೀನ್‌ಗೆ ಬಳಸುವುದು ಗೋಧಿಹಿಟ್ಟಿನ ತೆಳ್ಳಗಿನ ಎಳೆ, ಹೆಚ್ಚಾಗಿ ಮೊಟ್ಟೆ ಹಾಕಿದ್ದು, ಜೊತೆಗೆ ಸ್ವಲ್ಪ ಕ್ಷಾರದ ನೀರು ಸೇರಿಸಿ ನಾದಿದ್ದು. ಸೋಡಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಕಾರ್ಬೊನೇಟ್ ಇರುವ ಆ ಕ್ಷಾರವೇ ಹಿಟ್ಟಿಗೆ ಹಳದಿ ಬಣ್ಣ ಕೊಟ್ಟು, ಎಳೆ ಎಳೆದರೂ ಹರಿಯದ ಗುಣ ತರುತ್ತದೆ. ನಮ್ಮ ಅಂಗಡಿಗಳಲ್ಲಿ ಹಕ್ಕಾ ನೂಡಲ್ಸ್ ಅಂತ ಸಿಗುವುದು ಸಾಕು. ಮಸಾಲೆ ಪುಡಿಯ ಜೊತೆ ಬರುವ ಎರಡು ನಿಮಿಷದ ನೂಡಲ್ಸ್ ಮಾತ್ರ ಬೇಡ, ಅದು ಮೊದಲೇ ಎಣ್ಣೆಯಲ್ಲಿ ಕರಿದದ್ದು, ಬೇಗ ಮೆತ್ತಗಾಗುತ್ತದೆ.

ಪ್ರಶ್ನೆ: ಸುಮ್ನೆ ಸ್ವಲ್ಪ, ಬೇಕಾದಷ್ಟು ಅಂತ ಬರೆಯಬೇಡಿ ಮೇಡಂ. ಇಬ್ಬರಿಗೆ ಎಷ್ಟು ಅಂತ ಅಳತೆ ಸಮೇತ ಒಂದು ಸಲ ಪೂರ್ತಿ ಹೇಳಿ. – ಬೆಂಗಳೂರು, ಜಯನಗರದ ಓದುಗರು

ಸರಿ, ಬರೆದುಕೊಳ್ಳಿ. ಒಣ ನೂಡಲ್ಸ್ 200 ಗ್ರಾಂ, ಮೂಳೆಯಿಲ್ಲದ ಕೋಳಿ ತೊಡೆ ಮಾಂಸ 200 ಗ್ರಾಂ. ಎಲೆಕೋಸು ಉದ್ದುದ್ದ ಹೆಚ್ಚಿದ್ದು ಎರಡು ಹಿಡಿ, ಒಂದು ಸಣ್ಣ ಕ್ಯಾರೆಟ್ ಕಡ್ಡಿಯಂತೆ ಸೀಳಿದ್ದು, ಅರ್ಧ ದೊಣ್ಣೆಮೆಣಸಿನಕಾಯಿ, ಮೊಳಕೆ ಒಂದು ಹಿಡಿ, ಸ್ಪ್ರಿಂಗ್ ಆನಿಯನ್ ನಾಲ್ಕು ಕಡ್ಡಿ. ಬೆಳ್ಳುಳ್ಳಿ ಮೂರು ಎಸಳು, ಶುಂಠಿ ಒಂದಿಂಚು. ಎಣ್ಣೆ ಎರಡರಿಂದ ಮೂರು ದೊಡ್ಡ ಚಮಚ. ಕಡಲೆಕಾಯಿ ಎಣ್ಣೆ ಒಳ್ಳೆಯದು, ಕ್ಯಾಂಟನ್ ಅಡುಗೆಯವರೂ ಅದನ್ನೇ ಇಷ್ಟಪಡುತ್ತಾರೆ.

ಸಾಸ್ ಮೊದಲೇ ಒಂದು ಬಟ್ಟಲಲ್ಲಿ ಕಲಸಿಡಿ. ತೆಳು ಸೋಯಾ ಸಾಸ್ ಎರಡು ಸಣ್ಣ ಚಮಚ, ಕಪ್ಪು ಸೋಯಾ ಸಾಸ್ ಒಂದು ಸಣ್ಣ ಚಮಚ, ಆಯ್ಸ್ಟರ್ (ಸಿಂಪಿ) ಸಾಸ್ ಎರಡು ಸಣ್ಣ ಚಮಚ, ಸಕ್ಕರೆ ಅರ್ಧ ಚಮಚ, ಬಿಳಿ ಮೆಣಸಿನ ಪುಡಿ ಕಾಲು ಚಮಚ. ಇಷ್ಟೇ. ಇನ್ನೂರು ಗ್ರಾಂ ನೂಡಲ್ಸಿಗೆ ಇದು ಕಡಿಮೆಯಾಯಿತು ಅನ್ನಿಸಬಹುದು. ಆಗಿಲ್ಲ. ಒಂದು ಎಳೆಗೆ ಬಣ್ಣ ಹತ್ತಬೇಕು ಅಷ್ಟೇ, ತಟ್ಟೆಯಲ್ಲಿ ಸಾಸ್ ಹರಿಯಬಾರದು.

ಈಗ ಬಾಣಲೆ. ಖಾಲಿ ಬಾಣಲೆಯನ್ನು ಜೋರು ಉರಿಯಲ್ಲಿ ಕಾಯಿಸಿ, ಸಣ್ಣಗೆ ಹೊಗೆ ಕಾಣಿಸಿದ ಮೇಲೆ ಎಣ್ಣೆ ಹಾಕಿ ಸುತ್ತ ಆಡಿಸಿ. ಮಾಂಸವನ್ನು ಹರಡಿ ಹಾಕಿ ಅರ್ಧ ನಿಮಿಷ ಮುಟ್ಟಬೇಡಿ. ತಕ್ಷಣ ತಿರುವಿದರೆ ನೀರು ಬಿಟ್ಟು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಒಂದು ಬದಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಕೈಯಾಡಿಸಿ, ಮುಕ್ಕಾಲು ಭಾಗ ಬೆಂದಾಗ ತಟ್ಟೆಗೆ ತೆಗೆದಿಡಿ. ಬಾಣಲೆಗೆ ಮತ್ತೆ ಎಣ್ಣೆ, ಶುಂಠಿ ಬೆಳ್ಳುಳ್ಳಿ ಹತ್ತು ಸೆಕೆಂಡು, ಆಮೇಲೆ ಕ್ಯಾರೆಟ್, ಕೋಸು, ದೊಣ್ಣೆಮೆಣಸು ಒಂದು ನಿಮಿಷ. ಇವನ್ನೂ ತಟ್ಟೆಗೆ ತೆಗೆಯಿರಿ, ಸೋಮಾರಿತನ ಬೇಡ. ಮತ್ತೆ ಬಾಣಲೆ ಕಾಯಿಸಿ, ಎಣ್ಣೆ ಹಾಕಿ, ನೂಡಲ್ಸ್ ಹಾಕಿ ಹರಡಿ, ಒಂದು ನಿಮಿಷ ಹಾಗೇ ಬಿಡಿ. ಅಡಿಯಲ್ಲಿ ಅಲ್ಲಲ್ಲಿ ಗರಿಯಾದ ಮೇಲೆ ಮಗುಚಿ. ಸಾಸನ್ನು ನೂಡಲ್ಸ್ ಮೇಲೆ ಸುರಿಯದೆ ಬಾಣಲೆಯ ಅಂಚಿನ ಸುತ್ತ ಬಿಡಿ, ಕಾದ ಲೋಹಕ್ಕೆ ತಾಗಿ ಚೊಯ್ ಅಂದು ಘಮ ಬರುತ್ತದೆ. ಎರಡು ಚಮಚಗಳಿಂದ ಎತ್ತಿ ಎತ್ತಿ ಬೆರೆಸಿ. ಮಾಂಸ, ತರಕಾರಿ ವಾಪಸ್ಸು ಹಾಕಿ. ಕೊನೆಗೆ ಮೊಳಕೆ, ಸ್ಪ್ರಿಂಗ್ ಆನಿಯನ್ ಹಾಕಿ ಅರ್ಧ ನಿಮಿಷಕ್ಕೆ ಒಲೆ ಆರಿಸಿ.

ಆರಿಸಿದ ಮೇಲೆ ಹುರಿದ ಎಳ್ಳಿನ ಎಣ್ಣೆ ಅರ್ಧ ಚಮಚ. ಗಮನಿಸಿ, ಇದು ನಮ್ಮ ಗಾಣದ ಎಳ್ಳೆಣ್ಣೆ ಅಲ್ಲ. ಚೀನೀಯರು ಎಳ್ಳನ್ನು ಕಂದು ಬಣ್ಣಕ್ಕೆ ಹುರಿದು ಎಣ್ಣೆ ತೆಗೆಯುತ್ತಾರೆ, ಅದರ ವಾಸನೆಯೇ ಬೇರೆ. ಸಿಗದಿದ್ದರೆ ಬಿಟ್ಟುಬಿಡಿ, ನಮ್ಮದನ್ನು ಹಾಕಿದರೆ ಆ ಘಮ ಬರುವುದಿಲ್ಲ.

ಮನೆಯಲ್ಲಿ ಆರು ಜನರಿದ್ದರೆ ಇದನ್ನೇ ಮೂರು ಸಲ ಮಾಡಿ. ಮೂರು ಪಟ್ಟು ಮಾಡಿ ಒಂದೇ ಬಾಣಲೆಗೆ ಸುರಿಯಬೇಡಿ. ಅಷ್ಟೊಂದು ತಣ್ಣನೆ ಪದಾರ್ಥ ಒಟ್ಟಿಗೆ ಬಿದ್ದರೆ ಬಾಣಲೆ ತಣ್ಣಗಾಗಿ, ತರಕಾರಿ ನೀರು ಬಿಟ್ಟು, ನಿಮ್ಮ ಚೌಮೀನ್ ಪಲ್ಯದ ಹಾಗೆ ಬೇಯಲು ಶುರುವಾಗುತ್ತದೆ.

ಪ್ರಶ್ನೆ: ಹೋಟೆಲಿನ ನೂಡಲ್ಸಿನಲ್ಲಿ ಕೋಳಿ ಬೆಣ್ಣೆಯಂತೆ ಮೆತ್ತಗಿರುತ್ತದೆ. ನಾನು ಮಾಡಿದ್ದು ರಬ್ಬರ್. ಅವರು ಏನಾದರೂ ಔಷಧಿ ಹಾಕುತ್ತಾರಾ? – ದಾವಣಗೆರೆಯ ಓದುಗರು

ಔಷಧಿ ಏನಿಲ್ಲ, ಕಾರ್ನ್‌ಫ್ಲೋರ್ ಮತ್ತು ತಾಳ್ಮೆ. ಚೀನೀ ಅಡುಗೆಮನೆಯಲ್ಲಿ ಮಾಂಸವನ್ನು ಏನೂ ಕಲಸದೆ ಹಾಗೇ ಬಾಣಲೆಗೆ ಹಾಕುವುದು ಅಪರೂಪ. 200 ಗ್ರಾಂ ತುಂಡಿಗೆ ಒಂದು ಸಣ್ಣ ಚಮಚ ಸೋಯಾ ಸಾಸ್, ಒಂದು ದೊಡ್ಡ ಚಮಚ ನೀರು ಹಾಕಿ, ಮಾಂಸ ಅಷ್ಟನ್ನೂ ಹೀರಿಕೊಳ್ಳುವವರೆಗೆ ಕೈಯಿಂದ ಕಲಸಿ. ಹೌದು, ಇಲ್ಲಿ ಮಾತ್ರ ನೀರು ಬೇಕು, ಆದರೆ ಅದು ಮಾಂಸದ ಒಳಗೆ ಹೋಗಬೇಕು. ಆಮೇಲೆ ಒಂದು ಚಮಚ ಕಾರ್ನ್‌ಫ್ಲೋರ್, ಕೊನೆಗೆ ಒಂದು ಚಮಚ ಎಣ್ಣೆ. ಇಪ್ಪತ್ತು ನಿಮಿಷ ಬಿಡಿ. ಕಾರ್ನ್‌ಫ್ಲೋರಿನ ತೆಳ್ಳಗಿನ ಪದರ ಬಿಸಿಗೆ ಗಟ್ಟಿಯಾಗಿ ಒಳಗಿನ ರಸ ಹೊರಬರದಂತೆ ತಡೆಯುತ್ತದೆ. ಕೆಲವರು ಮೊಟ್ಟೆಯ ಬಿಳಿಯನ್ನೂ ಹಾಕುತ್ತಾರೆ.

ಹೋಟೆಲಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಮಾಂಸವನ್ನು ಮಧ್ಯಮ ಬಿಸಿಯ ಎಣ್ಣೆಯಲ್ಲಿ ಅರ್ಧ ನಿಮಿಷ ಮುಳುಗಿಸಿ ತೆಗೆಯುತ್ತಾರೆ. ಮನೆಯಲ್ಲಿ ಅಷ್ಟು ಎಣ್ಣೆ ಯಾಕೆ, ಕುದಿಯುವ ನೀರಿನಲ್ಲಿ ಮುಳುಗಿಸಿ ತೆಗೆದು ಚೆನ್ನಾಗಿ ಬಸಿದರೂ ನಡೆಯುತ್ತದೆ.

ದನದ ಮಾಂಸ, ಹಂದಿಯಂಥ ಗಟ್ಟಿ ಮಾಂಸಕ್ಕೆ ಕಾಲು ಚಮಚದಷ್ಟು ಅಡುಗೆ ಸೋಡಾ ಸೇರಿಸಬಹುದು. ಮಾಂಸದ ಮೇಲ್ಮೈ ಕ್ಷಾರವಾದರೆ ಅದರ ಪ್ರೋಟೀನುಗಳು ಬಿಸಿಗೆ ಬಿಗಿಯಾಗಿ ಹೆಣೆದುಕೊಳ್ಳುವುದಿಲ್ಲ, ಮೆತ್ತಗೆ ಉಳಿಯುತ್ತದೆ. ಹದಿನೈದು ನಿಮಿಷದ ಮೇಲೆ ಬಿಡಬೇಡಿ, ಸೋಡಾ ವಾಸನೆ ಬರುತ್ತದೆ. ಕೋಳಿ ತೊಡೆಗೆ ಇದು ಬೇಕಾಗಿಯೇ ಇಲ್ಲ. ಎದೆ ಮಾಂಸ ಬಳಸುತ್ತಿದ್ದರೆ ಮೊದಲು ತೊಡೆಗೆ ಬದಲಾಯಿಸಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಪ್ರಶ್ನೆ: ನಮ್ಮ ಕಡೆ ಹಂದಿಮಾಂಸ ಧಾರಾಳ. ಪಂದಿ ಕರಿಗೆ ತಂದ ತುಂಡನ್ನೇ ಚೌಮೀನ್‌ಗೆ ಹಾಕಬಹುದಾ? ಕಾಚಂಪುಳಿ ಹಾಕಿದರೆ ಹೇಗೆ? – ಮಡಿಕೇರಿಯ ಓದುಗರು

ಆ ತುಂಡು ಬೇಡ. ಪಂದಿ ಕರಿಗೆ ಚರ್ಮ, ಕೊಬ್ಬು ಸಮೇತ ದಪ್ಪ ತುಂಡು ತರುತ್ತೀರಿ, ಅದು ನಿಧಾನಕ್ಕೆ ಬೆಂದರೇ ರುಚಿ. ಚೌಮೀನ್‌ನಲ್ಲಿ ಮಾಂಸಕ್ಕೆ ಸಿಗುವುದು ಮೂರ್ನಾಲ್ಕು ನಿಮಿಷ. ಬೆನ್ನಿನ ಮೆತ್ತನೆ ಭಾಗವನ್ನೋ ಭುಜದ ಕಡೆಯ ಮಾಂಸವನ್ನೋ ಕೇಳಿ ತನ್ನಿ. ಒಂದು ಗಂಟೆ ಫ್ರೀಜರ್‌ನಲ್ಲಿಟ್ಟು ಅರ್ಧ ಗಟ್ಟಿಯಾದಾಗ ಕತ್ತರಿಸಿದರೆ ತೆಳ್ಳಗೆ ಬರುತ್ತದೆ. ಎಳೆ ಹೋಗುವ ದಿಕ್ಕಿಗೆ ಅಡ್ಡ ಕತ್ತರಿಸಿ, ಉದ್ದಕ್ಕೆ ಅಲ್ಲ. ಆಮೇಲೆ ಬೆಂಕಿಕಡ್ಡಿಯ ಹಾಗೆ ಸೀಳಿಕೊಳ್ಳಿ, ನೂಡಲ್ಸ್ ಜೊತೆ ಬಾಯಿಗೆ ಬರುತ್ತದೆ. ಒಳಗೆ ಕೆಂಪು ಉಳಿಯದಂತೆ ಪೂರ್ತಿ ಬೇಯಿಸಿ.

ಕಾಚಂಪುಳಿ? ಬಾಣಲೆಗೆ ಬೇಡ, ತಟ್ಟೆಗೆ ಎರಡು ಹನಿ ಹಾಕಿ ನೋಡಿ. ಹಾಂಗ್‌ಕಾಂಗ್‌ನಲ್ಲಿ ಗರಿಗರಿ ನೂಡಲ್ಸ್ ಜೊತೆ ಮೇಜಿನ ಮೇಲೆ ಕೆಂಪು ವಿನೆಗರ್ ಇಡುವುದು ರೂಢಿ, ಜಿಡ್ಡಿಗೆ ಹುಳಿ ಒಳ್ಳೆಯ ಜೋಡಿ. ಕೊಡಗಿನ ಕಪ್ಪು ಹುಳಿಯೂ ಆ ಕೆಲಸ ಮಾಡುತ್ತದೆ. ಕ್ಯಾಂಟನ್ ಅಡುಗೆಯವರು ನೋಡಿದರೆ ಹುಬ್ಬೇರಿಸಬಹುದು, ಏರಿಸಲಿ ಬಿಡಿ.

ಪ್ರಶ್ನೆ: ಇಲ್ಲಿನ ಚೀನೀ ಅಂಗಡಿಗಳಲ್ಲಿ ಚೌಮೀನ್ ಬೇರೆ, ಲೋಮೀನ್ ಬೇರೆ. ಚೌಮೀನ್ ಕೇಳಿದರೆ ಒಮ್ಮೆ ಗರಿಗರಿ ಕಡ್ಡಿಗಳ ಮೇಲೆ ಗ್ರೇವಿ ಸುರಿದು ಕೊಟ್ಟರು! ಯಾವುದು ನಿಜವಾದದ್ದು? – ನ್ಯೂಜೆರ್ಸಿಯ ಕನ್ನಡಿಗರು

ಮೂರೂ ನಿಜವೇ. ಚೌಮೀನ್‌ನಲ್ಲಿ ನೂಡಲ್ಸನ್ನು ಬಾಣಲೆಯಲ್ಲಿ ಹುರಿಯುತ್ತಾರೆ, ಎಳೆ ಒಣಗಿರುತ್ತದೆ. ಅಮೆರಿಕದ ಲೋಮೀನ್‌ನಲ್ಲಿ ದಪ್ಪ ಮೊಟ್ಟೆ ನೂಡಲ್ಸನ್ನು ಬೇಯಿಸಿ, ಕೊನೆಗೆ ಸಾಸ್ ಜಾಸ್ತಿ ಹಾಕಿ ಬೆರೆಸುತ್ತಾರೆ, ಮೆತ್ತಗೆ, ಒದ್ದೆಯಾಗಿ ಇರುತ್ತದೆ. ಹಾಂಗ್‌ಕಾಂಗ್‌ನಲ್ಲಿ ಅದೇ ಹೆಸರಿನಲ್ಲಿ ಕೊಡುವುದು ಇನ್ನೊಂದು ಥರ, ನೂಡಲ್ಸ್ ಒಂದು ತಟ್ಟೆಯಲ್ಲಿ, ಸೂಪ್ ಪಕ್ಕದ ಬಟ್ಟಲಲ್ಲಿ.

ನಿಮಗೆ ಸಿಕ್ಕಿದ ಗರಿಗರಿ ಬಗೆಗೂ ಮೂಲ ಇದೆ. ಹಾಂಗ್‌ಕಾಂಗ್ ಶೈಲಿಯಲ್ಲಿ ತೆಳು ನೂಡಲ್ಸನ್ನು ದೋಸೆಯಂತೆ ಬಾಣಲೆಗೆ ಹರಡಿ ಎರಡೂ ಬದಿ ಗರಿಯಾಗುವಂತೆ ಹುರಿದು, ಮೇಲೆ ಮಾಂಸ ತರಕಾರಿಯ ಗಟ್ಟಿ ಗ್ರೇವಿ ಸುರಿಯುತ್ತಾರೆ. ಅಂಚು ಕರುಂ ಅನ್ನುತ್ತದೆ, ನಡುವೆ ಗ್ರೇವಿ ಹೀರಿಕೊಂಡು ಮೆತ್ತಗಾಗಿರುತ್ತದೆ. ಅಮೆರಿಕದ ಪೂರ್ವ ಕರಾವಳಿಯ ಅಂಗಡಿಗಳು ಇದನ್ನು ಸುಲಭ ಮಾಡಿಕೊಂಡು, ಮೊದಲೇ ಕರಿದಿಟ್ಟ ಕಡ್ಡಿಗಳ ಮೇಲೆ ಗ್ರೇವಿ ಸುರಿದು ಚೌಮೀನ್ ಅಂದವು. ಪಶ್ಚಿಮ ಕರಾವಳಿಗೆ ಹೋದರೆ ಅದೇ ಹೆಸರಿಗೆ ಮೆತ್ತನೆ ನೂಡಲ್ಸ್ ಸಿಗುತ್ತದೆ. ಹಳೆಯ ಕಾಲದಲ್ಲಿ ಅಲ್ಲಿಗೆ ಹೋದ ಚೀನೀಯರಲ್ಲಿ ಬಹುಪಾಲು ಗುವಾಂಗ್‌ಡಾಂಗ್ ಪ್ರಾಂತ್ಯದವರು, ಅದರಲ್ಲೂ ತೈಶಾನ್ ಕಡೆಯವರು ಜಾಸ್ತಿ. ಸಿಕ್ಕ ಸಾಮಾನಿನಲ್ಲಿ, ಗಿರಾಕಿ ಒಪ್ಪುವ ರುಚಿಯಲ್ಲಿ ಮಾಡಿಕೊಂಡರು. ಮುಂದಿನ ಸಲ ಬೇಯಿಸಿ ಹುರಿದದ್ದಾ, ಕರಿದದ್ದಾ ಅಂತ ಕೇಳಿಯೇ ಆರ್ಡರ್ ಮಾಡಿ.

ಪ್ರಶ್ನೆ: ಹೋಟೆಲಿನ ನೂಡಲ್ಸಿಗೆ ಒಂದು ಹೊಗೆಯ ಘಮ ಇರುತ್ತದಲ್ಲ, ಅದು ಮನೆಯಲ್ಲಿ ಬರುವುದೇ ಇಲ್ಲ. ನಾನ್‌ಸ್ಟಿಕ್ ಬಾಣಲೆ ಇದೆ, ಇಂಡಕ್ಷನ್ ಒಲೆ ಇದೆ. – ಮಂಗಳೂರಿನ ಓದುಗರು

ಆ ಘಮಕ್ಕೆ ಕ್ಯಾಂಟನ್ ಜನ ವೊಕ್ ಹೇ ಅನ್ನುತ್ತಾರೆ. ಅದು ಯಾವ ಬಾಟಲಿಯಲ್ಲೂ ಸಿಗುವುದಿಲ್ಲ, ಬೆಂಕಿಯಿಂದ ಬರುವುದು. ಚೀನೀ ಹೋಟೆಲಿನ ಒಲೆ ಮನೆಯ ಗ್ಯಾಸ್ ಒಲೆಗಿಂತ ಹತ್ತು ಪಟ್ಟು ಅಥವಾ ಅದಕ್ಕೂ ಜಾಸ್ತಿ ಶಾಖ ಕೊಡುತ್ತದೆ. ಅಷ್ಟು ಬಿಸಿಯಲ್ಲಿ ತರಕಾರಿ ಬಿಟ್ಟ ನೀರು ನಿಲ್ಲದೆ ಆವಿಯಾಗಿ ಹೋಗುತ್ತದೆ. ಅಡುಗೆಯವನು ಬಾಣಲೆ ಕುಲುಕಿ ಎಸೆದಾಗ ಎಣ್ಣೆಯ ಸಣ್ಣ ಹನಿಗಳು ಬೆಂಕಿಗೆ ಹತ್ತಿ ಉರಿಯುತ್ತವೆ, ಸೋಯಾ ಸಾಸಿನ ಸಕ್ಕರೆ ಬಾಣಲೆ ಗೋಡೆಗೆ ತಾಗಿ ಕಂದಾಗುತ್ತದೆ. ಇದೆಲ್ಲ ಸೇರಿ ಆ ವಾಸನೆ.

ಮನೆಯಲ್ಲಿ ಪೂರ್ತಿ ಬರುವುದಿಲ್ಲ, ಅರ್ಧ ಬರುತ್ತದೆ. ಅದಕ್ಕೆ ನಾನ್‌ಸ್ಟಿಕ್ ಮಾತ್ರ ಬೇಡ. ಅದರ ಲೇಪ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡಲು ಶುರುವಾಗುತ್ತದೆ, ಖಾಲಿ ಬಾಣಲೆ ಜೋರು ಉರಿಯಲ್ಲಿ ಆ ಬಿಸಿಗೆ ಬೇಗ ಏರುತ್ತದೆ. ನಮ್ಮ ಅಜ್ಜಿಯರ ಕಬ್ಬಿಣದ ಬಾಣಲೆ ಇದ್ದರೆ ಹೊರಗೆ ತೆಗೆಯಿರಿ. ತೊಳೆದು ಒಣಗಿಸಿ, ಎಣ್ಣೆ ತೆಳ್ಳಗೆ ಸವರಿ ಹೊಗೆ ಬರುವಂತೆ ಕಾಯಿಸಿ, ಹೀಗೆ ಕೆಲವು ಸಲ ಮಾಡಿದರೆ ಮೈ ಕಪ್ಪಾಗಿ ನುಣುಪಾಗುತ್ತದೆ, ಆಮೇಲೆ ನೂಡಲ್ಸ್ ಹಿಡಿಯುವುದಿಲ್ಲ. ಮಾಡುವಾಗ ಕಿಟಕಿ ತೆರೆದಿಡಿ, ಮನೆಯವರ ಕೆಮ್ಮಿಗೆ ನಾನು ಜವಾಬ್ದಾರಳಲ್ಲ.

ಇಂಡಕ್ಷನ್ ಇದ್ದರೆ ತಳ ಚಪ್ಪಟೆಯಾಗಿರುವ ಕಬ್ಬಿಣದ ಬಾಣಲೆ ತನ್ನಿ, ಎತ್ತಿ ಕುಲುಕಬೇಡಿ. ಎತ್ತಿದರೆ ಬಿಸಿ ನಿಲ್ಲುತ್ತದೆ. ಸಟ್ಟುಗದಲ್ಲೇ ಮಗುಚಿ. ತರಕಾರಿ ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಇದು ಚಿಕ್ಕ ವಿಷಯ ಅನ್ನಿಸಿದರೂ ಮನೆಯ ಒಲೆಯಲ್ಲಿ ಇದರಷ್ಟು ವ್ಯತ್ಯಾಸ ಮಾಡುವುದು ಇನ್ನೊಂದಿಲ್ಲ.

ಪ್ರಶ್ನೆ: ಲೈಟ್ ಸೋಯಾ, ಡಾರ್ಕ್ ಸೋಯಾ, ಆಯ್ಸ್ಟರ್, ಚಿಲ್ಲಿ ಸಾಸ್, ವಿನೆಗರ್... ಎಲ್ಲ ಬಾಟಲಿ ತರಲೇಬೇಕಾ? – ಹುಬ್ಬಳ್ಳಿಯ ಓದುಗರು

ಮೊದಲ ಮೂರು ತನ್ನಿ. ತೆಳು ಸೋಯಾ ಉಪ್ಪಿಗೆ, ಕಪ್ಪು ಸೋಯಾ ಬಣ್ಣಕ್ಕೆ. ಸೋಯಾಕಾಳು ಮತ್ತು ಗೋಧಿಯನ್ನು ಒಂದು ಬಗೆಯ ಬೂಷ್ಟು ಹತ್ತಿಸಿ, ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಹಿಂಡಿದ್ದು ಸೋಯಾ ಸಾಸ್. ಕಪ್ಪು ಬಗೆಯನ್ನು ಇನ್ನೂ ಹೆಚ್ಚು ಕಾಲ ಇಟ್ಟು, ಬೆಲ್ಲದ ಪಾಕದಂಥದ್ದನ್ನೋ ಕ್ಯಾರಮೆಲನ್ನೋ ಸೇರಿಸಿರುತ್ತಾರೆ, ಗಟ್ಟಿಯಾಗಿರುತ್ತದೆ, ತುಸು ಸಿಹಿ. ನಮ್ಮಲ್ಲಿ ಬಹಳ ಜನ ಕಪ್ಪು ಸೋಯಾ ಒಂದನ್ನೇ ಧಾರಾಳವಾಗಿ ಸುರಿಯುತ್ತಾರೆ. ಬಣ್ಣ ಟಾರು ರಸ್ತೆಯಂತೆ, ರುಚಿ ಕಹಿ. ಉಪ್ಪನ್ನು ಕೊನೆಗೆ ರುಚಿ ನೋಡಿ ಮಾತ್ರ ಹಾಕಿ, ಸಾಸಿನಲ್ಲೇ ಬೇಕಾದಷ್ಟಿರುತ್ತದೆ.

ಆಯ್ಸ್ಟರ್ ಸಾಸ್ ಹುಟ್ಟಿದ ಕಥೆ ಚೆನ್ನಾಗಿದೆ. 1888ರಲ್ಲಿ ಗುವಾಂಗ್‌ಡಾಂಗ್‌ನ ನಾನ್‌ಶುಯಿ ಎಂಬಲ್ಲಿ ಚಹಾ ಅಂಗಡಿ ಇಟ್ಟಿದ್ದ ಲೀ ಕುಮ್ ಶುಂಗ್ ಎಂಬಾತ ಸಿಂಪಿಯ ಸಾರನ್ನು ಒಲೆಯ ಮೇಲೆ ಮರೆತನಂತೆ. ಬಂದು ನೋಡಿದರೆ ಸಾರು ಬತ್ತಿ ಕಂದು ಬಣ್ಣದ ಗಟ್ಟಿ ಪಾಕವಾಗಿತ್ತು. ರುಚಿ ನೋಡಿ ಅದನ್ನೇ ಮಾರಲು ಶುರು ಮಾಡಿದ. ಲೀ ಕುಮ್ ಕೀ ಎಂಬ ಕಂಪನಿ ಬೆಳೆದದ್ದು ಹಾಗೆ. ಸಿಂಪಿ ತಿನ್ನದವರಿಗೆ ಅಣಬೆಯಿಂದ ಮಾಡಿದ ಬಗೆಯೂ ಸಿಗುತ್ತದೆ, ರುಚಿ ಹತ್ತಿರ ಹತ್ತಿರ.

ಚಿಲ್ಲಿ ಸಾಸ್, ವಿನೆಗರ್ ಎರಡನ್ನೂ ಬಾಣಲೆಯ ಚೌಮೀನ್‌ಗೆ ಹಾಕುವುದು ಭಾರತದ ಚೈನೀಸ್ ಅಡುಗೆಯ ರೂಢಿ. ಇಷ್ಟವಾದರೆ ಹಾಕಿ. ಚೀನೀ ಪಾಕವಿಧಾನದಲ್ಲಿ ಶಾವೊಶಿಂಗ್ ಅಕ್ಕಿ ವೈನ್ ಅಂತ ಕಂಡರೆ ಅದರ ಜಾಗಕ್ಕೆ ವಿನೆಗರ್ ಮಾತ್ರ ಹಾಕಬೇಡಿ. ಬಿಟ್ಟರೆ ಏನೂ ಆಗುವುದಿಲ್ಲ.

ಪ್ರಶ್ನೆ: ಗಾಡಿಯವರು ಮಾಡುವ ಕೆಂಪು ನೂಡಲ್ಸಿಗೆ ಏನು ಬಣ್ಣ ಹಾಕುತ್ತಾರೆ? ಚೀನಾದಲ್ಲೂ ಹೀಗೇನಾ? – ಶಿವಮೊಗ್ಗದ ಓದುಗರು

ಚೀನಾದಲ್ಲಿ ಹಾಗಿಲ್ಲ. ಕ್ಯಾಂಟನ್ ಚೌಮೀನ್ ಕಂದು ಬಣ್ಣದ್ದು, ಖಾರವೇ ಇರುವುದಿಲ್ಲ. ನಾವು ತಿನ್ನುವುದು ಕೋಲ್ಕತ್ತಾದಲ್ಲಿ ರೂಪುಗೊಂಡದ್ದು. ಅಲ್ಲಿನ ಟಾಂಗ್ರಾದಲ್ಲಿ ಹಕ್ಕಾ ಚೀನೀಯರು ಚರ್ಮ ಹದ ಮಾಡುವ ಕಾರ್ಖಾನೆ ನಡೆಸುತ್ತಿದ್ದರು. 1996ರಲ್ಲಿ ಸುಪ್ರೀಂ ಕೋರ್ಟ್ ಆ ಕಾರ್ಖಾನೆಗಳನ್ನು ಊರಾಚೆಗೆ ಸಾಗಿಸಲು ಆದೇಶಿಸಿದ ಮೇಲೆ ಹಲವು ಶೆಡ್‌ಗಳು ಹೋಟೆಲುಗಳಾದವು. ಹಸಿಮೆಣಸು, ಬೆಳ್ಳುಳ್ಳಿ, ವಿನೆಗರ್, ಕಪ್ಪು ಸೋಯಾ, ಇದು ಅಲ್ಲಿನ ಕೈಗುಣ. ಹಕ್ಕಾ ನೂಡಲ್ಸ್ ಎಂಬ ಹೆಸರು ಬಂದದ್ದೂ ಆ ಸಮುದಾಯದಿಂದಲೇ.

ಬಣ್ಣದ ವಿಷಯ ಗಂಭೀರ. ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ತಂದ ಮಾದರಿಗಳಲ್ಲಿ ರೋಡಮೈನ್-ಬಿ ಎಂಬ ಬಟ್ಟೆಗೆ ಹಾಕುವ ಬಣ್ಣ ಕೂಡ ಸಿಕ್ಕಿತ್ತು. ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ ಅದೇ ನಿಯಮ ಬಂತು. ಗಾಡಿಯ ನೂಡಲ್ಸ್ ತಿಂದ ಮೇಲೆ ಬೆರಳಿಗೆ ಹತ್ತಿದ ಕೆಂಪು ಸೋಪಿಗೂ ಹೋಗದಿದ್ದರೆ ಆ ಗಾಡಿ ಬಿಟ್ಟುಬಿಡಿ. ಮನೆಯಲ್ಲಿ ಕೆಂಪು ಬೇಕಾದರೆ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ, ಎಣ್ಣೆಯಲ್ಲಿ ಬಾಡಿಸಿ ಹಾಕಿ. ಬಣ್ಣಕ್ಕೆ ಬಣ್ಣ, ಖಾರ ಕಡಿಮೆ.

ಪ್ರಶ್ನೆ: ಅಜಿನೊಮೊಟೊ ಹಾಕದೆ ಚೈನೀಸ್ ರುಚಿ ಬರುವುದಿಲ್ಲ ಅನ್ನುತ್ತಾರೆ. ಹಾಕಿದರೆ ತಲೆನೋವು ಅಂತ ಅತ್ತೆ ಬಯ್ಯುತ್ತಾರೆ. – ಮೈಸೂರಿನ ಓದುಗರು

ಅತ್ತೆಯವರ ಜೊತೆ ಜಗಳ ಬೇಡ, ಆಯ್ಸ್ಟರ್ ಸಾಸಿನಲ್ಲಿ ಹೆಚ್ಚಿನ ಕಂಪನಿಗಳವರು ಅದನ್ನು ಮೊದಲೇ ಹಾಕಿರುತ್ತಾರೆ!

ಜಪಾನಿನ ಕಿಕುನಾಯೆ ಇಕೆಡಾ 1908ರಲ್ಲಿ ಕಡಲಪಾಚಿಯ ಸಾರಿನಿಂದ ಈ ರುಚಿಯ ಮೂಲವಾದ ಗ್ಲುಟಮೇಟನ್ನು ಬೇರ್ಪಡಿಸಿದರು, ಮರುವರ್ಷ ಅದು ಅಜಿನೊಮೊಟೊ ಹೆಸರಿನಲ್ಲಿ ಅಂಗಡಿಗೆ ಬಂತು. ಟೊಮೆಟೊ, ಅಣಬೆ, ಹಳೆಯ ಚೀಸ್ ಎಲ್ಲದರಲ್ಲೂ ಗ್ಲುಟಮೇಟ್ ಇದ್ದೇ ಇದೆ. ತಲೆನೋವಿನ ಮಾತು ಜೋರಾದದ್ದು 1968ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪತ್ರದಿಂದ. ಚೀನೀ ಹೋಟೆಲಿನಲ್ಲಿ ಉಂಡ ಮೇಲೆ ಕತ್ತು ಜೋಮು ಹಿಡಿಯುತ್ತದೆ ಅಂತ ವೈದ್ಯರೊಬ್ಬರು ಬರೆದು, ಸೋಯಾ ಸಾಸೋ, ವೈನೋ, ಗ್ಲುಟಮೇಟೋ, ಉಪ್ಪೋ ಅಂತ ಸಂಶಯಪಟ್ಟಿದ್ದರು. ಜನ ಹಿಡಿದುಕೊಂಡದ್ದು ಒಂದನ್ನೇ. ಆಮೇಲಿನ ಪರೀಕ್ಷೆಗಳಲ್ಲಿ, ತಿನ್ನುವವರಿಗೆ ಗೊತ್ತಾಗದಂತೆ ಕೊಟ್ಟಾಗ, ಊಟದಲ್ಲಿ ಹಾಕುವಷ್ಟು ಪ್ರಮಾಣಕ್ಕೆ ಅಂಥ ತೊಂದರೆ ಪದೇ ಪದೇ ಕಾಣಿಸಲಿಲ್ಲ. ಅಜಿನೊಮೊಟೊದಲ್ಲಿ ಸೋಡಿಯಂ ಸುಮಾರು 12 ಶೇಕಡಾ, ಅಡುಗೆ ಉಪ್ಪಿನಲ್ಲಿ 39. ಇಬ್ಬರ ನೂಡಲ್ಸಿಗೆ ಒಂದು ಚಿಟಿಕೆ ಹಾಕಿದರೆ ತಪ್ಪಿಲ್ಲ, ಬಿಟ್ಟರೂ ಅಂಥ ನಷ್ಟವಿಲ್ಲ. ನಿಮಗೆ ನಿಜಕ್ಕೂ ತಲೆನೋವು ಬರುತ್ತದೆ ಅಂದರೆ ಬಿಡಿ, ಅದಕ್ಕೆ ವಿಜ್ಞಾನಿಗಳ ಒಪ್ಪಿಗೆ ಯಾಕೆ?

ಪ್ರಶ್ನೆ: ಹೆಸರುಕಾಳಿನ ಮೊಳಕೆ ಹಾಕಿದರೆ ಕಾಳು ಕಾಳಾಗಿ ಸಿಗುತ್ತದೆ. ಚೀನೀಯರದ್ದು ಬೇರೆ ಕಾಳಾ? – ತುಮಕೂರಿನ ಓದುಗರು

ಕಾಳು ಅದೇ, ಬೆಳೆಸುವುದು ಬೇರೆ. ನಾವು ಕೋಸಂಬರಿಗೆ ಒಂದೆರಡು ದಿನದ ಮೊಳಕೆ ಸಾಕು ಅಂತೀವಿ. ಅವರು ಕತ್ತಲಲ್ಲಿ, ಮೇಲೆ ಭಾರ ಇಟ್ಟು, ದಿನಕ್ಕೆ ಮೂರ್ನಾಲ್ಕು ಸಲ ನೀರು ಹಾಕಿ ಬಸಿದು ಐದಾರು ದಿನ ಬೆಳೆಸುತ್ತಾರೆ. ಬಿಳಿ ದಂಟು ದಪ್ಪವಾಗಿ ಉದ್ದ ಬೆಳೆಯುತ್ತದೆ, ಕಾಳು ನೆಪಕ್ಕೆ ಇರುತ್ತದೆ. ತೂತಿರುವ ಡಬ್ಬಿಯಲ್ಲಿ ನೀವೂ ಮಾಡಬಹುದು. ಬೇಡವೆಂದರೆ ಕೋಸಿನ ದಂಟನ್ನು ಸಣ್ಣಗೆ ಸೀಳಿ ಹಾಕಿ, ಕರುಂ ಅನ್ನುವುದಕ್ಕೆ ಅದೂ ಸಾಕು.

ಪ್ರಶ್ನೆ: ಎಳೆ ಉದ್ದ ಆಗುತ್ತದೆ ಅಂತ ನೂಡಲ್ಸ್ ಮುರಿದು ಹಾಕುತ್ತೇನೆ, ಪರವಾಗಿಲ್ವಾ? – ಮಂಡ್ಯದ ಓದುಗರು

ಮುರಿಯಬೇಡಿ. ಚೀನಾದಲ್ಲಿ ಹುಟ್ಟುಹಬ್ಬಕ್ಕೆ ಉದ್ದ ನೂಡಲ್ಸ್ ತಿನ್ನುವುದು ದೀರ್ಘಾಯುಸ್ಸಿಗೆ, ಕತ್ತರಿಸಿದರೆ ಅಪಶಕುನ. ಶಕುನ ನಂಬದವರಿಗೆ ಇನ್ನೊಂದು ಕಾರಣ, ತುಂಡಾದ ಎಳೆಗಳು ಬಾಣಲೆಯಲ್ಲಿ ಮಗುಚುವಾಗ ಪುಡಿಯಾಗುತ್ತವೆ.

ಪ್ರಶ್ನೆ: ಇಲ್ಲಿ ಚೀನೀ ಅಂಗಡಿಯಲ್ಲಿ ಅಗಲವಾದ ಹಸಿ ಅಕ್ಕಿ ನೂಡಲ್ಸ್ ಸಿಗುತ್ತದೆ. ಬೀಫ್ ಹಾಕಿ ಮಾಡಲು ನೋಡಿದೆ, ಎಲ್ಲ ಚೂರುಚೂರು. – ಮೆಲ್ಬರ್ನ್‌ನ ಕನ್ನಡಿಗರು

ಅಕ್ಕಿಯದ್ದರಲ್ಲಿ ಗೋಧಿಯ ಜಿಗುಟಿಲ್ಲ, ಅದಕ್ಕೇ ಮುರಿಯುತ್ತದೆ. ಇದು ಹೋ ಫನ್, ಗುವಾಂಗ್‌ಝೌ ಊರಿನ ಶಾಹೆ ಎಂಬ ಭಾಗದ ಹೆಸರು ಹೊತ್ತ ನೂಡಲ್ಸ್. ಅಕ್ಕಿ ಹಿಟ್ಟಿನ ಸಂಪಳವನ್ನು ತಟ್ಟೆಗೆ ತೆಳ್ಳಗೆ ಹೊಯ್ದು ಹಬೆಯಲ್ಲಿ ಬೇಯಿಸಿ ಪಟ್ಟಿ ಕತ್ತರಿಸುತ್ತಾರೆ. ಇದರಲ್ಲಿ ದನದ ಮಾಂಸ, ಮೊಳಕೆ, ಸ್ಪ್ರಿಂಗ್ ಆನಿಯನ್ ಹಾಕಿ ಗ್ರೇವಿಯಿಲ್ಲದೆ ಹುರಿಯುವ ಅಡುಗೆ ಕ್ಯಾಂಟನ್ ಅಡುಗೆಯವರ ಕೈ ಪರೀಕ್ಷೆಗೆ ಹೆಸರುವಾಸಿ. ಎಳೆ ಮುರಿಯಬಾರದು, ಬಣ್ಣ ಎಲ್ಲ ಕಡೆ ಒಂದೇ ಸಮ ಹತ್ತಬೇಕು, ತಿಂದು ಮುಗಿಸಿದಾಗ ತಟ್ಟೆಯಲ್ಲಿ ಎಣ್ಣೆ ನಿಂತಿರಬಾರದು.

ಫ್ರಿಜ್‌ನಿಂದ ತೆಗೆದು ನೇರ ಹಾಕಿದ್ದೀರಿ, ಅಲ್ವಾ? ತಣ್ಣಗಾದ ಅಕ್ಕಿ ನೂಡಲ್ಸ್ ಬಿರುಸಾಗುತ್ತದೆ. ಅಂದೇ ತಂದದ್ದನ್ನು ಹೊರಗೆ ಇಟ್ಟು ಬಳಸಿ. ಫ್ರಿಜ್‌ನಲ್ಲಿದ್ದರೆ ಮೈಕ್ರೋವೇವ್‌ನಲ್ಲಿ ಅರ್ಧ ನಿಮಿಷ ಬಿಸಿ ಮಾಡಿ, ಮೆತ್ತಗಾದ ಮೇಲೆ ಕೈಯಿಂದ ಪಟ್ಟಿ ಪಟ್ಟಿಯಾಗಿ ಬಿಡಿಸಿಕೊಳ್ಳಿ. ತೊಳೆಯುವುದು, ಮತ್ತೆ ಕುದಿಸುವುದು ಬೇಡವೇ ಬೇಡ. ಬಾಣಲೆಯಲ್ಲಿ ಸಟ್ಟುಗದಿಂದ ಚುಚ್ಚಬೇಡಿ, ಚಾಪ್‌ಸ್ಟಿಕ್ ಅಥವಾ ಇಕ್ಕಳದಿಂದ ಕೆಳಗಿನಿಂದ ಎತ್ತಿ ಮಗುಚಿ. ಮಾಂಸಕ್ಕೆ ಸೋಡಾ, ಕಾರ್ನ್‌ಫ್ಲೋರ್ ಮೇಲೆ ಹೇಳಿದಂತೆ. ಒಂದು ಸಲಕ್ಕೆ ಒಂದೇ ತಟ್ಟೆಯಷ್ಟು.

ಪ್ರಶ್ನೆ: ನೂಡಲ್ಸ್ ಚೀನಾದ್ದಾ, ಇಟಲಿಯದ್ದಾ? ಮನೆಯಲ್ಲಿ ವಾದ ಆಗಿದೆ. – ಧಾರವಾಡದ ಓದುಗರು

ಚೀನಾದ ಚಿಂಘಾಯ್ ಪ್ರಾಂತ್ಯದ ಲಾಜಿಯಾ ಎಂಬಲ್ಲಿ ಮಗುಚಿ ಬಿದ್ದ ಮಣ್ಣಿನ ಬಟ್ಟಲಿನ ಕೆಳಗೆ ಸುಮಾರು 4000 ವರ್ಷ ಹಳೆಯ ನೂಡಲ್ಸ್ ಸಿಕ್ಕಿತೆಂದು 2005ರಲ್ಲಿ ವರದಿಯಾಯಿತು. ಅದು ಗೋಧಿಯದ್ದಲ್ಲ, ಸಿರಿಧಾನ್ಯದ್ದಂತೆ. ಸಿರಿಧಾನ್ಯದ ಹಿಟ್ಟನ್ನು ಅಷ್ಟುದ್ದ ಎಳೆಯಲು ಸಾಧ್ಯವೇ ಅಂತ ಕೆಲವು ವಿಜ್ಞಾನಿಗಳು ತಕರಾರು ತೆಗೆದರು. ಒತ್ತು ಶ್ಯಾವಿಗೆ ಮಾಡುವ ನಮ್ಮ ಕಡೆಯವರನ್ನು ಕೇಳಿದ್ದರೆ, ಎಳೆಯುವುದು ಯಾಕೆ, ಒತ್ತಿ ಅನ್ನುತ್ತಿದ್ದರು. ವಾದದಲ್ಲಿ ಚೀನಾ ಪಕ್ಷದವರು ಗೆದ್ದರು ಅಂತ ಹೇಳಿ.

ಪ್ರಶ್ನೆ: ರಾತ್ರಿ ಉಳಿದದ್ದನ್ನು ಬೆಳಿಗ್ಗೆ ಮಕ್ಕಳ ಡಬ್ಬಿಗೆ ಹಾಕಬಹುದಾ? – ಕಲಬುರಗಿಯ ಓದುಗರು

ಹಾಕಬಹುದು, ರಾತ್ರಿಯಿಡೀ ಹೊರಗಿಡದಿದ್ದರೆ. ಮಾಡಿದ ಎರಡು ಗಂಟೆಯೊಳಗೆ ಅಗಲ ಡಬ್ಬಿಯಲ್ಲಿ ಫ್ರಿಜ್‌ಗೆ ಹೋಗಬೇಕು. ನಿಮ್ಮ ಕಡೆಯ ಬೇಸಿಗೆಯಲ್ಲಾದರೆ ಒಂದು ಗಂಟೆಯೇ ಜಾಸ್ತಿ. ಅನ್ನ, ನೂಡಲ್ಸ್ ಹೊರಗೆ ಉಳಿದರೆ ಅದರಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೆಳಿಗ್ಗೆ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಹಾಕಿ, ಹೊಗೆಯಾಡುವಷ್ಟು ಬಿಸಿಯಾಗುವವರೆಗೆ ಹುರಿಯಿರಿ, ನೀರು ಚಿಮುಕಿಸಬೇಡಿ. ಡಬ್ಬಿಯ ಮುಚ್ಚಳ ಹಾಕುವ ಮೊದಲು ಆರಲು ಬಿಡಿ, ಇಲ್ಲವಾದರೆ ಹಬೆ ನೀರಾಗಿ ಇಳಿದು ಮಧ್ಯಾಹ್ನಕ್ಕೆ ಮುದ್ದೆಯಾಗಿರುತ್ತದೆ. ಮಾಂಸ ಹಾಕಿದ್ದಾದರೆ, ಸೆಕೆಗಾಲದಲ್ಲಿ ಮಧ್ಯಾಹ್ನದ ಊಟಕ್ಕೆ ಕಳಿಸಬೇಡಿ, ಬೆಳಿಗ್ಗೆ ತಿಂಡಿಗೇ ಕೊಟ್ಟು ಮುಗಿಸಿ.